ಎರವಲು ಗಡಿಯಾರ, ಸ್ವಂತ ಮುಖ

ಫೋಟೋಗೆ ಕೂತವರು ಎರವಲು ಕೋಟು ತೊಟ್ಟು, ತಮ್ಮದಲ್ಲದ ಕೈಗಡಿಯಾರ ಎದ್ದು ಕಾಣುವಂತೆ ಕೈ ಇಟ್ಟುಕೊಂಡರೆ ಅದನ್ನು ಸುಳ್ಳು ಎನ್ನಬೇಕೆ? ಪಶ್ಚಿಮ ಆಫ್ರಿಕದ ಮಾಲಿ ದೇಶದ ಛಾಯಾಗ್ರಾಹಕ ಸೇಯ್ದು ಕೇಟಾ ಅವರ ಭಾವಚಿತ್ರಗಳನ್ನು ನೋಡುವಾಗ ಏಳುವ ಮೊದಲ ಪ್ರಶ್ನೆ ಇದು.

ಮರಗೆಲಸ ಮಾಡುತ್ತಿದ್ದ ಕೇಟಾ ಫೋಟೋ ತೆಗೆಯುವುದನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. 1948ರಲ್ಲಿ ಬಮಾಕೋ ನಗರದಲ್ಲಿ ಸ್ಟುಡಿಯೋ ತೆರೆದರು. ಮಾಲಿ ಆಗ ಫ್ರೆಂಚರ ವಸಾಹತು. ಹಗಲಿನ ಬೆಳಕೇ ಅವರ ಮುಖ್ಯ ದೀಪ, ಮಂಚದ ಹೊದಿಕೆಯೇ ಹಿನ್ನೆಲೆಯ ಪರದೆ. ಫಿಲ್ಮು ದುಬಾರಿಯಾದ್ದರಿಂದ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕ್ಲಿಕ್ಕು. ಹಾಗಾಗಿ ಮುಖ ಎತ್ತ ತಿರುಗಬೇಕು, ಕೈ ಎಲ್ಲಿರಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಬೇಕಿತ್ತು.

ಈ ತೀರ್ಮಾನ ಆಗುತ್ತಿದ್ದ ಬಗೆಯಲ್ಲೇ ಅವರ ಹೆಚ್ಚುಗಾರಿಕೆ ಇದೆ. ಸ್ಟುಡಿಯೋದಲ್ಲಿ ಮಾದರಿ ಚಿತ್ರಗಳನ್ನು ತೂಗುಹಾಕಿದ್ದರು. ಬಂದವರು ತಮಗೆ ಬೇಕಾದ್ದನ್ನು ತೋರಿಸುತ್ತಿದ್ದರು; ಅದು ಅವರಿಗೆ ಒಪ್ಪದಿದ್ದರೆ ಕೇಟಾ ಬೇರೆ ಭಂಗಿ ಸೂಚಿಸುತ್ತಿದ್ದರು. ಸೂಟು, ಟೈ, ಪೆನ್ನು, ರೇಡಿಯೋ ಎಲ್ಲ ಅಲ್ಲೇ ಸಿಗುತ್ತಿದ್ದವು. ಅವರ ಪ್ರಸಿದ್ಧ ಚಿತ್ರವೊಂದರಲ್ಲಿ ಬಿಳಿ ಸೂಟಿನ, ದಪ್ಪ ಕನ್ನಡಕದ ಯುವಕನೊಬ್ಬ ಒಂದು ಹೂವನ್ನು ಎದೆಯ ಮುಂದೆ ಹಿಡಿದಿದ್ದಾನೆ. ಸೂಟು ಯಾರದೋ ಇರಬಹುದು, ಹೂ ಹಿಡಿದ ಆ ನಾಜೂಕು ಮಾತ್ರ ಅವನದೇ. ಇನ್ನು ಕೆಲವು ಚಿತ್ರಗಳಲ್ಲಿ ಹೆಂಗಸರ ಉಡುಪಿನ ಚಿತ್ತಾರವೂ ಪರದೆಯ ಬಳ್ಳಿಗಳೂ ಒಂದರೊಳಗೊಂದು ಬೆರೆತು, ಮುಖ ಮತ್ತು ಕೈ ಮಾತ್ರ ಮೇಲೆದ್ದು ನಿಲ್ಲುತ್ತವೆ. ಎಲ್ಲ ಚಿತ್ರಗಳೂ ಹೀಗೆ ಗೆಲ್ಲುವುದಿಲ್ಲ. ವಸ್ತುವಿನ ಡೌಲೇ ಮುಂದಾದಲ್ಲಿ ಮನುಷ್ಯ ಹಿಂದೆ ಸರಿದುಬಿಡುತ್ತಾನೆ.

ವಸಾಹತುಶಾಹಿಯ ಕ್ಯಾಮರಾ ಇಂಥ ಮಾತುಕತೆಗೆ ಎಡೆಕೊಟ್ಟಿರಲಿಲ್ಲ. ನಮ್ಮಲ್ಲೇ 1868ರಿಂದ 1875ರವರೆಗೆ ಬ್ರಿಟಿಷರು ಎಂಟು ಸಂಪುಟಗಳಲ್ಲಿ ಹೊರತಂದ ‘ದ ಪೀಪಲ್ ಆಫ್ ಇಂಡಿಯಾ’ ನೋಡಿ. ಅಲ್ಲಿ ಮನುಷ್ಯರು ಜಾತಿ, ಬುಡಕಟ್ಟುಗಳ ನಮೂನೆಗಳಾಗಿ ನಿಂತಿದ್ದಾರೆ. ಯಾರು ಹೇಗೆ ಕಾಣಬೇಕೆಂಬುದನ್ನು ನೋಡುವವನು ನಿರ್ಧರಿಸಿದ್ದ. ಕೇಟಾ ಅವರ ಅಂಗಳದಲ್ಲಿ ಆ ಹಕ್ಕು ಕೂತವರ ಕೈಗೆ ಬಂತು. ಎರವಲು ಗಡಿಯಾರವನ್ನು ಸುಳ್ಳೆನ್ನುವವರು ಈ ವ್ಯತ್ಯಾಸ ಗಮನಿಸಬೇಕು. ತಾನು ಹೇಗೆ ನೆನಪಿನಲ್ಲಿ ಉಳಿಯಬೇಕೆಂದು ಒಬ್ಬ ಮನುಷ್ಯ ಹೇಳಿಕೊಳ್ಳುವುದು ಸುಳ್ಳಲ್ಲ, ಅದು ಘನತೆಯ ಮಾತು.

ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. 1991ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ಕೇಟಾ ಅವರ ಚಿತ್ರಗಳನ್ನು ಅನಾಮಿಕ ಛಾಯಾಗ್ರಾಹಕನವು ಎಂದೇ ತೋರಿಸಲಾಯಿತು. ಆಮೇಲೆ ಅವರನ್ನು ಹುಡುಕಿ ಬಮಾಕೋಗೆ ಹೋದವರಿಂದ ಹೆಸರು ಹೊರಬಂತು. 1994ರಲ್ಲಿ ಪ್ಯಾರಿಸ್ಸಿನಲ್ಲಿ ಅವರದೇ ಪ್ರದರ್ಶನ ನಡೆಯಿತು. 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕೇಟಾ ಜಗತ್ಪ್ರಸಿದ್ಧರು.

ಗಿರಾಕಿಗಳು ಮನೆಗೆ ಒಯ್ದದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ರತಿಗಳನ್ನು. ಗ್ಯಾಲರಿಗಳಲ್ಲಿ ಅವೇ ಗೋಡೆ ತುಂಬುವಷ್ಟು ಬೆಳೆದು, ಹೆಚ್ಚಿನವು ‘ಶೀರ್ಷಿಕೆಯಿಲ್ಲ’ ಎಂಬ ಚೀಟಿ ಹೊತ್ತು ನಿಂತಿವೆ. ತೆಗೆದವನ ಹೆಸರು ಮರಳಿ ಬಂತು, ಕೂತವರ ಹೆಸರು ಬರಲಿಲ್ಲ. ಬಂಧುಗಳಿಗಾಗಿ ಸಿಂಗರಿಸಿಕೊಂಡ ಮುಖಗಳನ್ನು ಈಗ ಅಪರಿಚಿತರು ಕಲೆಯೆಂದು ಮೆಚ್ಚುತ್ತಿದ್ದಾರೆ. ಮೆಚ್ಚುವುದು ತಪ್ಪಲ್ಲ. ಆದರೆ ಹೆಸರು ಕೇಳದೆ ಮೆಚ್ಚುವ ಕಣ್ಣು ಆ ಹಳೆಯ ಸಂಪುಟಗಳ ಕಣ್ಣಿನಿಂದ ಎಷ್ಟು ದೂರ ಬಂದಿದೆ ಎಂಬುದನ್ನು ಯೋಚಿಸಬೇಕಾಗಿದೆ.