ಯಾರಿಗೆ ಹೇಳುತ್ತಿದ್ದೀರಿ?

ಪ್ರಶ್ನೆಪತ್ರಿಕೆಯನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ಆದರೂ ಒಂದು ಭಾಷೆ ಹೊರಗಿನವರಿಂದ ಏನನ್ನು ಬಯಸುತ್ತದೆ ಎಂದು ತಿಳಿಯಲು ಅದಕ್ಕಿಂತ ನೇರವಾದ ಪಠ್ಯ ಸಿಗಲಾರದು. ನಲವತ್ತು ದಾಟಿದ ಮೇಲೆ ಕೊರಿಯನ್ ಕಲಿಯಲು ಕೂತ ನಾನು ಟೋಪಿಕ್ ಎಂಬ ಭಾಷಾ ಪರೀಕ್ಷೆಯ ಹಳೆಯ ಪತ್ರಿಕೆಗಳನ್ನು ಮೊದಲು ಅಂಕದ ಆಸೆಗೆ ಬಿಡಿಸಿದೆ. ಆಮೇಲೆ ಅವುಗಳನ್ನೇ ಒಂದು ಬರಹದಂತೆ ಓದತೊಡಗಿದೆ.

1997ರಲ್ಲಿ ಶುರುವಾದ ಈ ಪರೀಕ್ಷೆಗೆ ಎರಡು ಹಂತ, ಒಟ್ಟು ಆರು ದರ್ಜೆ. ಮೊದಲ ಹಂತದಲ್ಲಿ ಕೇಳಿಸಿಕೊಳ್ಳುವುದು ಮತ್ತು ಓದುವುದು ಮಾತ್ರ. ಎರಡನೆಯದರಲ್ಲಿ ಬರವಣಿಗೆಯೂ ಇದೆ: ನಾಲ್ಕು ಪ್ರಶ್ನೆ, 50 ನಿಮಿಷ, 100 ಅಂಕ. ಮಾತಾಡುವ ಪರೀಕ್ಷೆ ಬೇರೆಯೇ ಇದ್ದು, ಅದು ಬಂದದ್ದು 2022ರಲ್ಲಿ. ಫಲಿತಾಂಶಕ್ಕೆ ಎರಡೇ ವರ್ಷ ಆಯುಸ್ಸು.

ಕನ್ನಡಿಗರಿಗೆ ಈ ಭಾಷೆ ಆರಂಭದಲ್ಲಿ ಅಪರಿಚಿತವೆನಿಸುವುದಿಲ್ಲ. ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ಪ್ರತ್ಯಯಗಳು ನಾಮಪದದ ಬೆನ್ನಿಗೇ ಅಂಟುತ್ತವೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದ. ಆ ನೆಂಟಸ್ತಿಕೆಯನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಇಂಗ್ಲಿಷಿನಿಂದ ಹೊರಟವರಿಗೆ ತಲೆಕೆಳಗಾಗಿ ಕಾಣುವ ವಾಕ್ಯ ನಮಗೆ ನೆಟ್ಟಗೇ ನಿಂತಿರುತ್ತದೆ.

ಈ ಸಲುಗೆಯೇ ಮುಂದೆ ಮೋಸ ಮಾಡುತ್ತದೆ. 'ಹೋದಳು' ಎಂದರೆ ಸಾಕು, ಹೋದದ್ದು ಒಬ್ಬ ಹೆಣ್ಣು ಎಂದು ಕನ್ನಡದಲ್ಲಿ ತಿಳಿದುಹೋಗುತ್ತದೆ. ಕೊರಿಯನ್ನಿನ 'ಗಸ್ಸೊ' ಎಂಬ ಪದದಲ್ಲಿ ಹೋದವರು ನಾನೋ, ಅವನೋ, ಅವರೆಲ್ಲರೋ ಗೊತ್ತಾಗುವುದಿಲ್ಲ. ಆದರೆ ಅದನ್ನು ಹೇಳುತ್ತಿರುವುದು ಸಲಿಗೆಯವರಿಗೆ ಎಂಬುದು ಖಂಡಿತ ಗೊತ್ತಾಗುತ್ತದೆ. ತುಸು ಮರ್ಯಾದೆ ಬೇಕಾದಾಗ 'ಗಸ್ಸೊಯೊ', ಸಭೆಯ ಗಾಂಭೀರ್ಯಕ್ಕೆ 'ಗಸ್ಸುಮ್ನಿದಾ'. ಕನ್ನಡದ ಕ್ರಿಯಾಪದ ಮಾಡಿದವರ ಕಡೆ ತಿರುಗಿದ್ದರೆ, ಕೊರಿಯನ್ನಿನದು ಮುಖ್ಯವಾಗಿ ಕೇಳುವವರ ಕಡೆ ತಿರುಗಿದೆ. ಕೇಳುವವರು ಯಾರೆಂದು ತೀರ್ಮಾನಿಸದೆ ಅಲ್ಲಿ ಆಡುಮಾತಿನ ಒಂದು ವಾಕ್ಯವೂ ಮುಗಿಯದು.

ಇಂಥ ಭಾಷೆಯ ಪರೀಕ್ಷೆ ಬರವಣಿಗೆಯಲ್ಲಿ ಏನನ್ನು ಕೇಳುತ್ತದೆ? 51ನೇ ಪ್ರಶ್ನೆಯಲ್ಲಿ ಒಂದು ಪತ್ರವೋ ಸೂಚನೆಯೋ ಇರುತ್ತದೆ, ಬಿಟ್ಟ ಜಾಗ ತುಂಬಬೇಕು. ಅಲ್ಲಿ ಎದುರಿಗೊಬ್ಬ ಮನುಷ್ಯನಿದ್ದಾನೆ, ಧಾಟಿ ತಪ್ಪಿದರೆ ಅಂಕ ಹೋಗುತ್ತದೆ. ಅದಕ್ಕೆ 10 ಅಂಕ. 53ರಲ್ಲಿ ಅಂಕಿಅಂಶದ ಚಿತ್ರ ನೋಡಿ ವಿವರಣೆ ಬರೆಯಬೇಕು, 54ರಲ್ಲಿ 600ರಿಂದ 700 ಅಕ್ಷರಗಳ ಪ್ರಬಂಧ. ಎರಡಕ್ಕೂ ಸೇರಿ 80 ಅಂಕ. ಇವೆರಡರಲ್ಲೂ ಬಳಸಬೇಕಾದ್ದು 'ಗತ್ತಾ' ಎಂಬಂಥ ಬರಹದ ರೂಪ. ಅದರಲ್ಲಿ ಹೋದವರೂ ಇಲ್ಲ, ಕೇಳುವವರೂ ಇಲ್ಲ. ಹಿರಿಯರೆದುರು ಯಾವ ಅಂತ್ಯ ಬಳಸಲಿ ಎಂದು ತಡವರಿಸುವ ವಯಸ್ಕ ಕಲಿಕೆಗಾರನಿಗೆ ಇದು ದೊಡ್ಡ ಬಿಡುಗಡೆ. ನನಗಂತೂ ಆಗಿತ್ತು. ಆದರೆ ನಾನು ಸುಲಭವಾಗಿ ದಾಟಿದ್ದು ಆ ಭಾಷೆಯ ಅತಿ ಕಷ್ಟದ ಜಾಗವನ್ನೇ.

ಪರೀಕ್ಷೆಯನ್ನು ಇಷ್ಟಕ್ಕೇ ತೆಗಳುವುದು ನ್ಯಾಯವಲ್ಲ. ಸುದ್ದಿಪತ್ರಿಕೆಯ ಭಾಷೆ ಅದೇ 'ಗತ್ತಾ' ರೂಪದ್ದು. ಕಾದಂಬರಿಯ ನಿರೂಪಣೆಯೂ ಸಾಮಾನ್ಯವಾಗಿ ಅದರಲ್ಲೇ ಸಾಗುತ್ತದೆ. ಹಾನ್ ಕಾಂಗ್ ಅವರ 2007ರ ಕಾದಂಬರಿ 'ದಿ ವೆಜಿಟೇರಿಯನ್' ಕೂಡ ಹಾಗೆಯೇ. 54ನೇ ಪ್ರಶ್ನೆಗೆಂದು ತಿದ್ದಿದ ಅಭ್ಯಾಸವೇ ಆ ಕಾದಂಬರಿಯ ಬಾಗಿಲು ತೆರೆಯುತ್ತದೆ. ಒಳಗೆ ಪಾತ್ರಗಳು ಬಾಯಿ ತೆರೆದೊಡನೆ ಮಾತ್ರ ಗಂಡ, ಮಾವ, ಅಕ್ಕ, ತಂಗಿ ಎಲ್ಲರೂ ತಮ್ಮ ತಮ್ಮ ಕ್ರಿಯಾಪದದ ತುದಿಯಲ್ಲಿ ಬಂದು ನಿಲ್ಲುತ್ತಾರೆ.

ಅದನ್ನು ಇಂಗ್ಲಿಷಿಗೆ ತಂದ ಡೆಬೊರಾ ಸ್ಮಿತ್ ಕೊರಿಯನ್ ಕಲಿತದ್ದು ವಯಸ್ಸಿಗೆ ಬಂದ ಮೇಲೆಯೇ. 2016ರಲ್ಲಿ ಲೇಖಕಿಯ ಜೊತೆ ಅವರಿಗೂ ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಬೆನ್ನಿಗೇ ತಪ್ಪುಗಳ ಪಟ್ಟಿಯೂ ಬಂತು. ತೋಳು ಎಂಬರ್ಥದ 'ಪಾಲ್' ಅನ್ನು ಪಾದವೆಂಬ 'ಬಾಲ್' ಎಂದು ಓದಿದ್ದಾರೆ, ವಾಕ್ಯದ ಕರ್ತೃವನ್ನು ತಪ್ಪಾಗಿ ಹಿಡಿದಿದ್ದಾರೆ, ಒಣ ಗದ್ಯಕ್ಕೆ ಅಲಂಕಾರ ತೊಡಿಸಿದ್ದಾರೆ ಎಂದು. ಮೊದಲನೆಯ ಬಗೆಯ ತಪ್ಪನ್ನು ಟೋಪಿಕ್ ಹಿಡಿದೀತು, ಎರಡನೆಯದನ್ನೂ ಅಷ್ಟಿಷ್ಟು ಹಿಡಿದೀತು. ಗದ್ಯದ ಧ್ವನಿ ಕೇಳಿಸಿತೇ ಇಲ್ಲವೇ ಎಂಬುದನ್ನು ಯಾವ ದರ್ಜೆಯೂ ಹೇಳಲಾರದು. ಆ ಅನುವಾದವಿಲ್ಲದೆ ನಮ್ಮಲ್ಲಿ ಎಷ್ಟು ಜನ ಹಾನ್ ಕಾಂಗ್ ಅವರನ್ನು ಓದುತ್ತಿದ್ದೆವು ಎಂದು ಕೇಳಿಕೊಂಡರೆ, ಪಟ್ಟಿ ಮಾಡಿದವರ ಮಾತನ್ನೂ ಒಪ್ಪಬೇಕು, ಸ್ಮಿತ್ ಅವರಿಗೆ ಕೃತಜ್ಞರೂ ಆಗಿರಬೇಕು.

ನಮ್ಮ ನಷ್ಟ ಆ ಪಟ್ಟಿಯಲ್ಲಿಲ್ಲ. ಕೊರಿಯಾದ ಕಥನ ಕನ್ನಡಕ್ಕೆ ಬರುವುದಾದರೆ ಸಾಮಾನ್ಯವಾಗಿ ಇಂಗ್ಲಿಷಿನ ದಾರಿಯಲ್ಲೇ. ಆ ದಾರಿಯಲ್ಲಿ ಕೇಳುವವರ ಗುರುತು ಅಳಿಸಿಹೋಗುತ್ತದೆ, ಎಲ್ಲರೂ 'ಯೂ' ಆಗುತ್ತಾರೆ. ಎಂಥ ನಿಪುಣ ಅನುವಾದಕರಿಗೂ ಇಂಗ್ಲಿಷಿನಲ್ಲಿ ಇದಕ್ಕೆ ಹೆಚ್ಚಿನ ಸಲಕರಣೆಯಿಲ್ಲ. ಕನ್ನಡದಲ್ಲಿ ಇದೆ. 'ಹೋದ್ಲು ಕಣೇ', 'ಹೋದ್ಲು ರೀ', 'ಹೋದ್ಲು ಕಣಪ್ಪ': ಇಲ್ಲಿ ಹೋದವಳೂ ಇದ್ದಾಳೆ, ಕೇಳುವವರೂ ಇದ್ದಾರೆ. ಕೊರಿಯನ್ನಿನಲ್ಲಿ ಅಕ್ಕನನ್ನು ತಂಗಿ 'ಒನ್ನಿ' ಎಂದೂ ತಮ್ಮ 'ನೂನಾ' ಎಂದೂ ಕರೆಯುತ್ತಾರೆ. ನಮ್ಮಲ್ಲಿ ಆ ಭೇದವಿಲ್ಲ, ಅಕ್ಕನಾದರೂ ಇದ್ದಾಳೆ. ಇಂಗ್ಲಿಷ್ ಅನುವಾದದಲ್ಲಿ ಹಲವು ಸಲ ಉಳಿಯುವುದು ಬರಿಯ ಹೆಸರು. ಎರಡು ಮನೆಗಳಲ್ಲೂ ಇರುವ ಸಾಮಾನನ್ನು, ಅದಕ್ಕೆ ಜಾಗವೇ ಇಲ್ಲದ ಮೂರನೆಯ ಮನೆಯ ಮೂಲಕ ಸಾಗಿಸುತ್ತಿದ್ದೇವೆ.

ಹಾಗಾಗಿ, ಈ ವಯಸ್ಸಿನಲ್ಲಿ ಈ ಪರೀಕ್ಷೆ ಯಾಕೆ ಎಂದು ಕೇಳುವವರಿಗೆ ಈಗ ನನ್ನ ಬಳಿ ಉತ್ತರವಿದೆ. ಪ್ರಮಾಣಪತ್ರ ಎರಡು ವರ್ಷಕ್ಕೆ ಹಳತಾಗುತ್ತದೆ. ಅಷ್ಟರೊಳಗೆ ಒಂದು ಸಣ್ಣಕಥೆಯ ಸಂಭಾಷಣೆಯನ್ನು ಮೂಲದಿಂದ ಕನ್ನಡಕ್ಕೆ ತರಬೇಕು, ಪ್ರತಿ ಮಾತಿನ ಕೊನೆಗೂ 'ಇದು ಯಾರಿಗೆ?' ಎಂದು ಕೇಳಿಕೊಳ್ಳುತ್ತ. ಆ ಪ್ರಶ್ನೆಗೆ ಪತ್ರಿಕೆಯಲ್ಲಿ ಹತ್ತೇ ಅಂಕ. ಉಳಿದದ್ದನ್ನು ಕಥೆಯಿಂದಲೇ ಗಳಿಸಬೇಕು.