ಹತ್ತು ಮೀಟರ್ ದೂರದ ಹಲಗಿ

ಈ ವಾರ ಹಳೆಯ ಗಿಟಾರ್ ಹೀರೋ ಆಟದ ಗಿಟಾರುಗಳ ಸ್ಟ್ರಮ್ ಸ್ವಿಚ್ಚು ಬದಲಿಸುವ ಕ್ರಮ ಬರೆಯುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಇಳಕಲ್ಲಿನ ಓದುಗರೊಬ್ಬರು ಕೇಳಿದ ಪ್ರಶ್ನೆ ಅದನ್ನು ಹಿಂದಕ್ಕೆ ತಳ್ಳಿತು. ಡಬ್ಬಾ ಟಿವಿ ಕೊಟ್ಟು ಎಲ್‌ಇಡಿ ತಂದ ಮೇಲೆ ತಾಳದ ಆಟಗಳಲ್ಲಿ ಅವರ ಒಂದು ಪೆಟ್ಟೂ ಸರಿ ಬೀಳುತ್ತಿಲ್ಲವಂತೆ. ‘ಕೈ ಹೋಯಿತೇನ್ರಿ?’ ಎಂದು ಕೇಳುತ್ತಾರೆ.

ಕೈ ಹೋಗಿಲ್ಲ. ಟಿವಿ ತಡ ಮಾಡುತ್ತಿದೆ. ಡಬ್ಬಾ ಟಿವಿ ಸಂಕೇತ ಬಂದ ಕೂಡಲೇ ಗಾಜಿನ ಮೇಲೆ ಗೆರೆ ಎಳೆಯುತ್ತಿತ್ತು. ಚಪ್ಪಟೆ ಟಿವಿ ಚಿತ್ರವನ್ನು ಹಿಡಿದಿಟ್ಟು, ತಿದ್ದಿ, ಬಣ್ಣ ಏರಿಸಿ ಆಮೇಲೆ ತೋರಿಸುತ್ತದೆ. ಸೆಕೆಂಡಿಗೆ 60 ಚಿತ್ರ ಎಂದರೆ ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು. ಮೂರು ಚಿತ್ರ ತಡೆದರೆ 50 ಆಯಿತು. ಟಿವಿಯಲ್ಲಿ ಗೇಮ್ ಮೋಡ್ ಹಾಕಿರಿ. ಆಮೇಲೆ ಆಟದೊಳಗಿನ ಹೊಂದಾಣಿಕೆಯಲ್ಲಿ ಮೊದಲು ಕಣ್ಣು ಮುಚ್ಚಿ ಧ್ವನಿಯನ್ನು ಸರಿಪಡಿಸಿ, ನಂತರ ಚಿತ್ರಕ್ಕೆ ಬನ್ನಿರಿ. ರಾಕ್ ಬ್ಯಾಂಡ್ 2 ಆಟದ (2008) ಗಿಟಾರಿನೊಳಗೆ ಇದಕ್ಕಾಗಿಯೇ ಬೆಳಕಿನ ಸೆನ್ಸರೂ ಒಂದು ಮೈಕೂ ಇದ್ದವು. ಟಿವಿಯ ಎದುರು ಹಿಡಿದರೆ ತಡವನ್ನು ತಾನೇ ಅಳೆದುಕೊಳ್ಳುತ್ತಿತ್ತು. ಈ ಆಟಗಳ ಇತಿಹಾಸದಲ್ಲಿ ಅಷ್ಟು ವಿವೇಕದ ಉಪಕರಣ ನಾನು ಬೇರೆ ಕಂಡಿಲ್ಲ.

ಜಪಾನಿನ ಡೋಲಿನ ಆಟ ತೈಕೋ ನೊ ತತ್ಸುಜಿನ್ ಆಡುವವರಿಗಂತೂ ಇದು ಜೀವದ ಪ್ರಶ್ನೆ. ಕಠಿಣ ಹಂತಗಳಲ್ಲಿ ಪೆಟ್ಟು ಆಚೀಚೆ 25 ಮಿಲಿಸೆಕೆಂಡಿನೊಳಗೆ ಬಿದ್ದರೆ ‘ಉತ್ತಮ’, 75ರೊಳಗೆ ಬಿದ್ದರೆ ‘ಪರವಾಗಿಲ್ಲ’. ಟಿವಿಯೇ 50 ನುಂಗಿದರೆ ಉಳಿಯುವುದೇನು?

ಈ 25ರ ಲೆಕ್ಕ ಬರೆಯುವಾಗ ನನ್ನ ತಲೆ ಬಾಗಲಕೋಟೆಯ ಹೋಳಿಯ ಹಲಗಿ ಬಡಿತಕ್ಕೆ ಹೋಯಿತು. ಸ್ವಿಚ್ಚಿನ ವಿಷಯ ಇನ್ನೊಮ್ಮೆ ಆಗಲಿ. ಇದು ಅದಕ್ಕಿಂತ ದೊಡ್ಡದು.

ನಮ್ಮ ಕಡೆಯ ಫಾಲ್ಗುಣದ ಬಿಸಿಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಹತ್ತು ಮೀಟರ್ ದಾಟಲು ಸುಮಾರು 29 ಮಿಲಿಸೆಕೆಂಡು ಬೇಕು. ಬಾಗಲಕೋಟೆಯ ಕಿಲ್ಲಾದಲ್ಲೋ ಹೊಸಪೇಟೆಯಲ್ಲೋ ಹಲಗಿ ಮೇಳ ಓಣಿಯುದ್ದಕ್ಕೂ ಚಾಚಿ ನಿಂತಾಗ ಈ ತುದಿಯವನ ಪೆಟ್ಟು ಆ ತುದಿಯವನ ಕಿವಿಗೆ ಮುಟ್ಟುವಷ್ಟರಲ್ಲಿ ತೈಕೋದ ‘ಉತ್ತಮ’ದ ಗಡಿ ದಾಟಿರುತ್ತದೆ. ಕಿವಿಯೊಂದನ್ನೇ ನಂಬಿ ಬಡಿದರೆ ಸಾಲು ಹಿಂದಹಿಂದಕ್ಕೆ ಜಗ್ಗಿ ಹರಿದುಹೋಗಬೇಕು. ಹರಿಯುವುದಿಲ್ಲ. ಯಾಕೆಂದರೆ ಅವರು ಮುಂದಾಳಿನ ಕೋಲು ನೋಡುತ್ತಾರೆ. ಕೋಲು ಮೇಲೆದ್ದದ್ದು ಕಣ್ಣಿಗೆ ತಡವಿಲ್ಲದೆ ಕಾಣುತ್ತದೆ. ಅದು ಇಳಿಯುವ ಹೊತ್ತನ್ನು ಮೈ ಮೊದಲೇ ಊಹಿಸಿರುತ್ತದೆ. ಸಾಧ್ಯವಾದಲ್ಲೆಲ್ಲ ಅವರು ಸಾಲು ಬಿಟ್ಟು ವರ್ತುಲವಾಗುವುದೂ ಬರೀ ಚಂದಕ್ಕಲ್ಲ. ಯಾರೂ ಯಾರಿಗೂ ಬಹಳ ದೂರವಾಗಬಾರದು. ಬಾದಾಮಿಯ ಮೊದಲ ಗುಹೆಗೆ ಹೋದಾಗ ಹದಿನೆಂಟು ಕೈಗಳ ನಟರಾಜನ ಪಕ್ಕ ವಾದ್ಯ ಬಾರಿಸುವವನನ್ನು ಗಮನಿಸಿ. ಕುಣಿಯುವವನಿಗೂ ಬಾರಿಸುವವನಿಗೂ ನಡುವೆ ಶಬ್ದ ತಡವಾಗುವಷ್ಟು ಜಾಗವನ್ನು ಶಿಲ್ಪಿ ಬಿಟ್ಟಿಲ್ಲ.

ಇಲ್ಲಿಗೆ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ಮೊಬೈಲಿನ ಗಾಜಿನ ಮೇಲೆ ಬೀಳುವ ಕರಿ ಪಟ್ಟಿಗಳನ್ನು ಬೆರಳಿನಿಂದ ಒತ್ತುವುದೂ ತಾಳದ ಆಟವೇ, ಪ್ಲಾಸ್ಟಿಕ್ ವಾದ್ಯ ದಂಡ ಎಂದು ವಾದಿಸುವ ಪಂಥವೊಂದಿದೆ. ನಾನು ಒಪ್ಪಿದವನಲ್ಲ. ಕೋಲು ಬಡಿದಾಗ ಚರ್ಮ ಅದನ್ನು ಹಿಂದಕ್ಕೆ ಎಸೆಯುತ್ತದೆ. ಎರಡನೆಯ ಪೆಟ್ಟು ಹುಟ್ಟುವುದೇ ಆ ಎಸೆತದಿಂದ. ಗಾಜು ಏನನ್ನೂ ಹಿಂದಿರುಗಿಸುವುದಿಲ್ಲ. ಗಿಟಾರ್ ಪಂಥದ ಗೆಳೆಯರಿಗೂ ಇದನ್ನೇ ಹೇಳುತ್ತೇನೆ: ಐದು ಬಣ್ಣದ ಗುಂಡಿ, ಒಂದು ಪಟ್ಟಿ. ಅಲ್ಲಿ ತಂತಿಯೇ ಇಲ್ಲ. ಕೊನಾಮಿಯ ಗಿಟಾರ್ ಫ್ರೀಕ್ಸ್ 1999ರಲ್ಲಿ ಬಂತು, ಗಿಟಾರ್ ಹೀರೋ 2005ರಲ್ಲಿ ಬಂತು, 2011ರ ಫೆಬ್ರುವರಿಯಲ್ಲಿ ಆಕ್ಟಿವಿಷನ್ ಅದನ್ನು ನಿಲ್ಲಿಸಿತು. 2015ರಲ್ಲಿ ಮತ್ತೆ ತಂದರೂ ಬಾಳಲಿಲ್ಲ. 2001ರಲ್ಲಿ ಜಪಾನಿನ ಆಟದಂಗಡಿಗಳಲ್ಲಿ ಶುರುವಾದ ತೈಕೋ ಇನ್ನೂ ನಡೆದಿದೆ. ಮಾರುಕಟ್ಟೆಗೆ ಅದರದೇ ಕಾರಣಗಳಿರಬಹುದು. ನನಗೆ ಕಾಣುವ ಕಾರಣವೆಂದರೆ, ಡೋಲಿನ ಆಟದಲ್ಲಿ ಪೆಟ್ಟು ನಟನೆಯಲ್ಲ. ಅದು ಪೆಟ್ಟೇ.

ಆದರೆ ತೈಕೋದಲ್ಲೂ ನನಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿ ನಿಮ್ಮ ಪೆಟ್ಟನ್ನು ತೂಗುವುದು ಪರದೆಯ ಮೇಲಿನ ವೃತ್ತ. ಹಾಡು ಧ್ವನಿಮುದ್ರಿಸಿದ್ದು, ಅದರ ನಡಿಗೆ ನಿಮಗಾಗಿ ಬದಲಾಗುವುದಿಲ್ಲ. ಹಲಗಿ ಮೇಳದಲ್ಲಿ ಲಯ ಏರುತ್ತ ಹೋಗುತ್ತದೆ. ಏರಿದ್ದು ತಪ್ಪಲ್ಲ, ಒಬ್ಬನೇ ಏರಿದರೆ ತಪ್ಪು. ಪಕ್ಕದವನ ಜೊತೆ ಬಿದ್ದಿತೇ ಎಂಬುದೊಂದೇ ಅಲ್ಲಿನ ಅಳತೆ.

ಇದರ ಸುಳಿವನ್ನು ಹಿಡಿದಿದ್ದ ಆಟ ಒಂದಿದೆ. ಈ ಅಂಕಣದ ಹಳೆಯ ಓದುಗರಿಗೆ ಅದರ ಮೇಲಿನ ನನ್ನ ಪ್ರೀತಿ ಗೊತ್ತೇ ಇದೆ. 1996ರ ಪರಾಪ್ಪಾ ದ ರ‍್ಯಾಪರ್. ಮಸಾಯಾ ಮತ್ಸುಉರ ಅವರ ಕೆಲಸ. ಕಾಗದದಷ್ಟು ತೆಳುವಾದ ನಾಯಿಮರಿ, ಈರುಳ್ಳಿ ತಲೆಯ ಕರಾಟೆ ಗುರು. ಗುರು ಒಂದು ಸಾಲು ಹಾಡುತ್ತಾನೆ, ಮರಿ ಅದನ್ನು ತಿರುಗಿಸಿ ಹೇಳಬೇಕು. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಒಪ್ಪಿಸಿದರೆ ‘ಗುಡ್’ ಸಿಗುತ್ತದೆ, ಅದರ ಮೇಲೆ ಸಿಗುವುದಿಲ್ಲ. ‘ಕೂಲ್’ ಬೇಕೆಂದರೆ ತಾಳ ಬಿಡದೆ ಗುರುವಿನ ಸಾಲಿನಿಂದ ಹೊರಬರಬೇಕು, ನಡುವೆ ನಿಮ್ಮದೇ ಒತ್ತುಗಳನ್ನು ತುಂಬಬೇಕು. ಆಗ ಗುರು ಅಲ್ಲಿಂದ ಎದ್ದು ಹೋಗುತ್ತಾನೆ, ರಂಗ ಪೂರ್ತಿ ಶಿಷ್ಯನದು. ನಮ್ಮ ಭಜನಾ ಮೇಳಗಳಲ್ಲಿ, ಡೊಳ್ಳಿನ ಪದಗಳಲ್ಲಿ ಸವಾಲು–ಜವಾಬು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಆಟದ ನಂತರ ಬಂದ ಬಹುಪಾಲು ಆಟಗಳು ಒಪ್ಪಿಸುವುದನ್ನಷ್ಟೇ ಉಳಿಸಿಕೊಂಡವು. ಒಂದೂ ತಪ್ಪದೆ ಪೂರ್ತಿ ಕಾಂಬೋ ಹೊಡೆದೆ ಎಂದು ಬೀಗುವವರು ಆಡುತ್ತಿರುವುದು ‘ಗುಡ್’ನ ಹಂತದಲ್ಲೇ.

ಹಾಗಾದರೆ ಹಲಗಿಯನ್ನೇ ಆಟದ ವಾದ್ಯ ಮಾಡಬಾರದೇಕೆ? ತೈಕೋಗೆ ಬೇಕಾದ್ದು ಎರಡು ಬಗೆಯ ಪೆಟ್ಟು: ನಡುವಿಗೆ ‘ಡಾನ್’, ಅಂಚಿಗೆ ‘ಕಾ’. ಹಲಗಿಗೂ ಎರಡು ಕೋಲು, ಬಲಗೈಗೆ ದಪ್ಪನೆಯ ಗಿಡ್ಡ ಕೋಲು, ಎಡಗೈಗೆ ಅಂಚಿಗೆ ಆತುಕೊಳ್ಳುವ ತೆಳುವಾದ ಉದ್ದ ಕೋಲು. ಹೋಳಿಯ ಸಮಯದಲ್ಲಿ ಪೇಟೆಗೆ ಬರುವ ಹುಡುಗರ ಹಲಗಿ ಸಾಕು. ಒಳಮೈಗೆ ನಡುಕ ಹಿಡಿಯುವ ಒಂದು ಪೀಜೋ ಬಿಲ್ಲೆ, ಅಂಚಿಗೆ ಒಂದು, ಎರಡೂ ಆರ್ಡುಯಿನೋ ಲಿಯೊನಾರ್ಡೋ ಬೋರ್ಡಿಗೆ. ಆ ಬೋರ್ಡು ಕಂಪ್ಯೂಟರಿಗೆ ಕೀಬೋರ್ಡಿನಂತೆ ಕಾಣಬಲ್ಲದು. ಅಂಚಿಗೆ ಹೊಡೆದಾಗ ನಡುವಿನ ಬಿಲ್ಲೆಯೂ ನಡುಗುತ್ತದೆ. ಕೆಲವು ಮಿಲಿಸೆಕೆಂಡು ಕಾದು, ಎರಡರಲ್ಲಿ ಜೋರಾದ ಸಂಕೇತವನ್ನಷ್ಟೇ ಎತ್ತಿಕೊಳ್ಳುವಂತೆ ಬರೆಯಿರಿ. ಚರ್ಮದ ಹಲಗಿಯಾದರೆ ಬೆಂಕಿಗೆ ಕಾಯಿಸಿದಾಗಲೆಲ್ಲ ಬಿಗಿ ಬದಲಾಗುತ್ತದೆ, ಸಂಕೇತದ ಮಿತಿಯನ್ನೂ ಮತ್ತೆ ಹೊಂದಿಸಬೇಕು. ಕಾಯಿಸುವಾಗ ಬಿಲ್ಲೆ ತೆಗೆದಿಡುವುದನ್ನು ಮರೆಯಬೇಡಿ.

ಮುಖ್ಯವಾದದ್ದು ತೂಗುವ ಕ್ರಮ. ಎರಡು ಹಲಗಿ ಜೋಡಿಸಿ, ಪರದೆಯ ಮೇಲೆ ಓಡುವ ಗುರುತುಗಳನ್ನೆಲ್ಲ ತೆಗೆದುಹಾಕಿ. ಒಬ್ಬನ ಪೆಟ್ಟಿಗೂ ಇನ್ನೊಬ್ಬನ ಪೆಟ್ಟಿಗೂ ನಡುವಿನ ಅಂತರವನ್ನು ಮಾತ್ರ ಅಳೆಯಿರಿ, ಅದು 25ರೊಳಗಿದ್ದರೆ ಅಂಕ ಕೊಡಿ, ಲಯ ಎಷ್ಟೇ ಏರಲಿ. ಹುಬ್ಬಳ್ಳಿ, ಬಾಗಲಕೋಟೆಗಳಲ್ಲಿ ಕಂಪ್ಯೂಟರ್ ಓದುವ ಹುಡುಗರು, ಹುಡುಗಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಈ ಆಟ ಬರೆದವರು ಯಾರೇ ಆಗಲಿ, ಹಲಗಿ ಹೊತ್ತು ನಮ್ಮ ಕುಳಗೇರಿ ಕ್ರಾಸಿಗೆ ಬನ್ನಿ. ಎರಡನೆಯ ಹಲಗಿ ನಾನು ಬಾರಿಸುತ್ತೇನೆ.