ನೆಲದಡಿಯ ಉಲ್ಕೆ

ಪ್ರತಿ ವರ್ಷ ಡಿಸೆಂಬರ್ 14 ದಾಟುತ್ತಿದ್ದಂತೆ ಮೊಬೈಲುಗಳಲ್ಲಿ ಒಂದೇ ಬಗೆಯ ಚಿತ್ರಗಳು ಹರಿದಾಡತೊಡಗುತ್ತವೆ. ಕೆಳಗೊಂದು ಬಂಡೆ ಅಥವಾ ಗುಡಿಯ ಗೋಪುರ. ಮೇಲೆ ನಲವತ್ತೈವತ್ತು ಉಲ್ಕೆಗಳು ಒಮ್ಮೆಲೇ ಸುರಿಯುತ್ತಿರುವ ಆಕಾಶ. ಜೆಮಿನಿಡ್ಸ್ ಉಲ್ಕಾವರ್ಷದ ಈ ಕಾಂಪೋಸಿಟ್‌ಗಳಿಗೆ ಸಿಗುತ್ತಿರುವ ಹೊಗಳಿಕೆ ಅವುಗಳ ಯೋಗ್ಯತೆಯನ್ನು ಮೀರಿದ್ದು. ಹತ್ತಾರು ಫ್ರೇಮು ಜೋಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಜೋಡಿಸುವಾಗ ಆಕಾಶವನ್ನೇ ಮರೆತಿದ್ದಾರೆ ಎಂಬುದಕ್ಕೆ ಇದೆ.

ಕೆಲಸದ ಬಗೆ ಬಲ್ಲವರಿಗೆ ಗೊತ್ತೇ ಇದೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ರಾತ್ರಿಯಿಡೀ ಕ್ಲಿಕ್ಕಿಸುತ್ತಾರೆ. 20 ಸೆಕೆಂಡಿಗೊಂದರಂತೆ ಎಂಟು ಗಂಟೆಗೆ 1,440 ಫ್ರೇಮು. ಉಲ್ಕೆ ಸಿಕ್ಕಿದವನ್ನು ಹೆಕ್ಕಿ, ಒಂದನ್ನು ತಳಕ್ಕಿಟ್ಟು, ಉಳಿದವುಗಳಿಂದ ಬೆಳಕಿನ ಗೆರೆಯನ್ನಷ್ಟೇ ಮಾಸ್ಕ್ ಮಾಡಿ ಮೇಲೆ ಕೂರಿಸುತ್ತಾರೆ. ಚಿತ್ರ ನಿಲ್ಲುವುದೂ ಬೀಳುವುದೂ ಈ ಕೂರಿಸುವುದರಲ್ಲೇ.

ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕ್ಯಾಮೆರಾದಲ್ಲಿ ರಾತ್ರಿ ಹತ್ತರ ಫ್ರೇಮು ತಳದಲ್ಲಿದೆ ಎನ್ನೋಣ. ಬೆಳಗಿನ ಜಾವ ಮೂರಕ್ಕೆ ಚಿತ್ತಾ ನಕ್ಷತ್ರದ ಪಕ್ಕ ಒಂದು ಸೊಗಸಾದ ಉಲ್ಕೆ ಬಿತ್ತು. ಅದನ್ನು ನಕ್ಷತ್ರಗಳಿಗೆ ಹೊಂದಿಸಿ ಕೂರಿಸಿದರೆ ಎಲ್ಲಿಗೆ ಹೋಗುತ್ತದೆ? ಹತ್ತು ಗಂಟೆಗೆ ಚಿತ್ತಾ ಇನ್ನೂ ಹುಟ್ಟಿರುವುದೇ ಇಲ್ಲ. ಆ ಉಲ್ಕೆಯ ಜಾಗ ಬೆಟ್ಟದ ಕೆಳಗೆ, ನೆಲದಡಿ. ಪ್ರಾಮಾಣಿಕ ಛಾಯಾಗ್ರಾಹಕ ಅದನ್ನು ಬಿಟ್ಟುಕೊಡುತ್ತಾನೆ, ಇಲ್ಲವೇ ತಳದ ಫ್ರೇಮನ್ನೇ ಬದಲಿಸುತ್ತಾನೆ. ಉಳಿದವರು ಅದನ್ನೆತ್ತಿ ಖಾಲಿ ಕಂಡ ಕಡೆ ಅಂಟಿಸುತ್ತಾರೆ.

ಹೊಂದಿಸುವುದೂ ಸುಲಭವಲ್ಲ. ಉತ್ತರದ ದೇಶಗಳವರು ಧ್ರುವ ನಕ್ಷತ್ರವನ್ನು ಹಿಡಿದು ಫ್ರೇಮು ತಿರುಗಿಸುವುದನ್ನು ಕಲಿಸುತ್ತಾರೆ. ನಮ್ಮಲ್ಲಿ ಧ್ರುವ ದಿಗಂತದಿಂದ ಮೇಲಿರುವುದು 12ರಿಂದ 18 ಡಿಗ್ರಿ ಮಾತ್ರ. ಬಹಳ ಸಲ ಗುಡ್ಡದ ಮರೆ. ಜೊತೆಗೆ ವೈಡ್ ಲೆನ್ಸ್ ಅಂಚಿನ ನಕ್ಷತ್ರಗಳನ್ನು ಹಿಗ್ಗಿಸಿರುತ್ತದೆ. ಸುಮ್ಮನೆ ತಿರುಗಿಸಿದರೆ ಸಾಲದು, ಒಂದೊಂದು ಫ್ರೇಮನ್ನೂ ನಕ್ಷತ್ರದಿಂದ ನಕ್ಷತ್ರಕ್ಕೆ ಎಳೆದು ಕೂಡಿಸಬೇಕು. ಅಷ್ಟು ಬೆವರು ಹರಿಸಿದವರ ಚಿತ್ರಗಳೂ ಇವೆ. ಉಲ್ಕೆ ಹತ್ತೋ ಹನ್ನೆರಡೋ ಇರುವುದರಿಂದ ಯಾರೂ ಅವನ್ನು ಹಂಚಿಕೊಳ್ಳುವುದಿಲ್ಲ.

ತುಂಬ ಮೆಚ್ಚುಗೆ ಪಡೆದ ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕದಲ್ಲೇ ಅಂಗೈಯುದ್ದದ ಗೆರೆ. ಜೆಮಿನಿಡ್ಸ್ ಹೊರಟಂತೆ ಕಾಣುವ ಬಿಂದು, ರೇಡಿಯಂಟ್, ಇರುವುದು ಅಲ್ಲೇ. ಅಲ್ಲಿ ಉಲ್ಕೆ ನಮ್ಮತ್ತ ನೇರ ಬರುತ್ತಿರುವುದರಿಂದ ಮೋಟಾಗಿ, ಕೆಲವೊಮ್ಮೆ ಚುಕ್ಕೆಯಾಗಿಯೇ ಕಾಣಬೇಕು. ಉದ್ದ ಗೆರೆಗಳು ದೂರದಲ್ಲಿರಬೇಕು. ಇನ್ನೂ ಕೆಳಗೆ, ತುದಿಯಲ್ಲಿ ಒಂದೇ ರೀತಿ ಉಬ್ಬಿದ ಎರಡು ಉಲ್ಕೆಗಳು. ಒಂದನ್ನೇ ಎರಡು ಸಲ ಬಳಸಿದ್ದಾರೆ.

ಹಾಗಾದರೆ ಕಾಂಪೋಸಿಟ್ ಎಂಬುದೇ ಸುಳ್ಳು, ಒಂದೇ ಕ್ಲಿಕ್ಕಿನ ಚಿತ್ರವೇ ಸತ್ಯ ಎನ್ನುವ ವಿಮರ್ಶಕರಿದ್ದಾರೆ. ಅವರ ಜೊತೆಗೂ ನನಗೆ ಜಗಳವಿದೆ. 20 ಸೆಕೆಂಡು ಶಟರ್ ತೆರೆದಿಟ್ಟ ಫ್ರೇಮು ಯಾವ ಕಣ್ಣು ಕಂಡ ಆಕಾಶ? ಉಲ್ಕೆ ಒಂದು ಸೆಕೆಂಡಿನೊಳಗೆ ಮುಗಿದಿರುತ್ತದೆ. ಕ್ಷೀರಪಥದ ಬೆಳಕು ಆಮೇಲೂ ತುಂಬುತ್ತಲೇ ಇರುತ್ತದೆ. ಕೂಡಿಸುವುದು ಅಲ್ಲೇ ಶುರುವಾಯಿತಲ್ಲ. ಇವರು ಮರೆಯುವ ಇನ್ನೊಂದು ಸಂಗತಿ 1833ರದು. ಆ ನವೆಂಬರಿನ ಲಿಯೊನಿಡ್ಸ್ ಬಿರುಸಿನ ನಂತರ ಯೇಲ್‌ನ ಡೆನಿಸನ್ ಓಮ್‌ಸ್ಟೆಡ್ ಬೇರೆ ಬೇರೆ ಊರಿನವರು ಕಂಡದ್ದನ್ನು ಒಟ್ಟುಮಾಡಿದರು. ಉಲ್ಕೆಗಳು ಹೊಮ್ಮುವ ಬಿಂದು ಸಿಂಹ ರಾಶಿಯಲ್ಲೇ ಇತ್ತು, ಆಕಾಶ ತಿರುಗಿದಂತೆ ನಕ್ಷತ್ರಗಳ ಜೊತೆಗೇ ಸಾಗಿತ್ತು. ಹಾಗಾಗಿ ಉಲ್ಕೆಗಳ ಮೂಲ ಭೂಮಿಯ ಗಾಳಿಯಲ್ಲಿಲ್ಲ, ಅದರಾಚೆಗಿದೆ ಎಂದು ತಿಳಿಯಿತು. ಬೇರೆ ಬೇರೆ ಗಳಿಗೆಯ ಉಲ್ಕೆಗಳನ್ನು ಒಂದೇ ನಕ್ಷತ್ರಪಟದ ಮೇಲೆ ಇಟ್ಟು ನೋಡಿದ್ದರಿಂದ ಸಿಕ್ಕ ಅರಿವು ಅದು. ನಕ್ಷತ್ರಕ್ಕೆ ಹೊಂದಿಸಿದ ಕಾಂಪೋಸಿಟ್ ಅದೇ ಸಾಕ್ಷಿಯನ್ನು ಮತ್ತೆ ಕಣ್ಣಿಗೆ ಕಾಣಿಸುತ್ತದೆ. ಅಂಟಿಸಿದ ಕಾಂಪೋಸಿಟ್ ಆ ಸಾಕ್ಷಿಯನ್ನು ಅಳಿಸುತ್ತದೆ.

ಅದರ ನಷ್ಟ ಯಾರಿಗೆ ಎಂದು ಕಳೆದ ವರ್ಷ ಕಂಡೆ. ಊರಾಚೆಯ ಬಂಡೆಯ ಮೇಲೆ ನಮ್ಮೊಡನೆ ಕಂಬಳಿ ಹೊದ್ದು ಮಲಗಿದ್ದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಒಂಬತ್ತು ಉಲ್ಕೆ ಎಣಿಸಿ, “ಮಾಮ, ಮಳೆ ಯಾವಾಗ ಶುರು?” ಎಂದ. ಕಗ್ಗತ್ತಲಲ್ಲಿ, ರೇಡಿಯಂಟ್ ನೆತ್ತಿಯ ಮೇಲಿದ್ದಾಗಲೂ, ಜೆಮಿನಿಡ್ಸ್ ಗಂಟೆಗೆ 120ರಿಂದ 150. ಒಂಬತ್ತು ಕಂಡವನು ಸೋತವನಂತೆ ಮನೆಗೆ ಹೋದ.

ಚಿತ್ರ ಮಾಡುವವರಲ್ಲಿ ನನ್ನ ಬೇಡಿಕೆ ಸಣ್ಣದು: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಫ್ರೇಮು ಎಂಬುದನ್ನು ಅಡಿಬರಹದಲ್ಲಿ ಬರೆಯಿರಿ. ನೋಡುವವರು ಮುಂದಿನ ಸಲ ಒಂದು ಅಡಿಕೋಲು ಹಿಡಿಯಿರಿ. ಫಿಶ್‌ಐ ಲೆನ್ಸಿನದ್ದಲ್ಲದಿದ್ದರೆ, ಪನೋರಮಾ ಅಲ್ಲದಿದ್ದರೆ, ಪ್ರತಿ ಗೆರೆಯನ್ನೂ ಹಿಂದಕ್ಕೆ ಎಳೆಯಿರಿ. ಜೆಮಿನಿಡ್ಸ್ ಆದರೆ ಅವು ಪುನರ್ವಸುವಿನ ಬಳಿ ಕೂಡಬೇಕು.